ಚಪ್ಪರದ ದಿನ ಬಂದ ತಡೆಯಾಜ್ಞೆ

ನಾನು ಪೊಲೀಸ್ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮತ್ತಿಕೆರೆಯ ನಮ್ಮ ಬೀದಿಯಿಂದ ಖಾಕಿ ಸೀರೆ ಉಟ್ಟು ಹೊರಟ ಮೊದಲ ಹೆಂಗಸು ನಾನೇ. ಅಪ್ಪ ರೈಲ್ವೆ ಯಾರ್ಡಿನಲ್ಲಿ ಕೂಲಿ ಮಾಡುತ್ತಿದ್ದವರು. ಬೆಳಗ್ಗೆ ನಾನು ಬಸ್ ಸ್ಟಾಪಿಗೆ ಹೊರಟರೆ ಅವರೂ ಹಿಂದೆಯೇ ಬರುತ್ತಿದ್ದರು. ನನ್ನ ಜೊತೆಗೆ ಬಂದವರೇ ಅಲ್ಲ ಎನ್ನುವ ಹಾಗೆ ಬೀಡಾ ಅಂಗಡಿಯ ಹತ್ತಿರ ನಿಂತು, ನಾನು ಬಸ್ ಹತ್ತಿದ ಮೇಲೆ ಸುಮ್ಮನೆ ವಾಪಸ್ಸು ಹೋಗುತ್ತಿದ್ದರು. ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ.

ನನ್ನನ್ನು ಹಾಕಿದ್ದು ಚಾಮರಾಜಪೇಟೆ ಕಡೆಯ ಒಂದು ಠಾಣೆಗೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಹಾಗಾಗಿ ಬೀದಿ ನಲ್ಲಿಯ ಜಗಳ, ಅತ್ತೆ ಸೊಸೆ ಜಗಳ, ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡ ಮಕ್ಕಳು, ಎಲ್ಲವೂ ನನ್ನ ಪಾಲಿಗೇ ಬರುತ್ತಿದ್ದವು. ನಮ್ಮ ಎಸ್.ಐ. ಸಾಹೇಬರದು ದಪ್ಪ ಮೈ, ಸಣ್ಣ ದನಿ. ಅಷ್ಟು ದೊಡ್ಡ ಶರೀರದಿಂದ ಅಷ್ಟು ಮೆತ್ತನೆಯ ಮಾತು ಬರುತ್ತದೆಂದು ಮೊದಲ ಸಲ ಕೇಳಿದವರಿಗೆ ನಂಬಿಕೆಯೇ ಆಗುತ್ತಿರಲಿಲ್ಲ. ಜೇಬುಗಳ್ಳನನ್ನು ಬೈಯುವಾಗಲೂ ಮೇಷ್ಟ್ರು ಮಗ್ಗಿ ಕೇಳಿದ ಹಾಗೆ ಬೈಯುತ್ತಿದ್ದರು. ಪ್ಯಾಂಟಿನ ಜೇಬಿನಲ್ಲಿ ಸದಾ ಹುರಿಗಡಲೆ. ಇಲಾಖೆ ಕೊಟ್ಟ ಮೋಟಾರ್ ಸೈಕಲ್ಲು ಅವರು ಹತ್ತಿ ಕೂತರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಇಳಿದು ಒದ್ದರೆ ಸ್ಟಾರ್ಟ್ ಆಗಿ ತಾನೇ ಓಡಲು ನೋಡುತ್ತಿತ್ತು. ಹಾಗಾಗಿ ಹೆಚ್ಚಾಗಿ ನಾವು ನಡೆದೇ ಹೋಗುತ್ತಿದ್ದೆವು, ಇಲ್ಲವೇ ಸಿಟಿ ಬಸ್ಸು.

ಅದು ಬೇಸಿಗೆ ರಜೆಯ ಕಾಲ. ಒಂದು ಬುಧವಾರ ಮಧ್ಯಾಹ್ನ ಒಬ್ಬ ಹುಡುಗಿ ಬಂದು ಠಾಣೆಯ ಮೆಟ್ಟಿಲ ಮೇಲೆ ಸೀಮೆಎಣ್ಣೆ ಡಬ್ಬ ಇಟ್ಟು, ಬಾಗಿಲಲ್ಲೇ ನಿಂತಳು. ಲಂಗ ದಾವಣಿ, ಎರಡು ಜಡೆ. ಕೈ ತುಂಬ ಹೊಸ ಹಸಿರು ಬಳೆ.

"ಅಕ್ಕಾ, ನಿಮ್ಮ ಹತ್ರ ಮಾತಾಡ್ಬಹುದಾ?"

"ಬಾಮ್ಮ. ಏನಾದ್ರೂ ಕಳೆದುಹೋಯ್ತಾ?"

"ಇಲ್ಲ. ನಾಡಿದ್ದು ನನ್ನ ಮದುವೆ. ನೀವು ನಿಲ್ಲಿಸ್ತೀರಾ?"

ನೀರು ಕೇಳಿದಷ್ಟು ಸಲೀಸಾಗಿ ಕೇಳಿದಳು. ನಾನು ಬೆಂಚಿನ ಮೇಲೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಒಂಬತ್ತನೇ ಕ್ಲಾಸು ಪಾಸಾಗಿತ್ತು, ಮುಂದೆ ಓದುವ ಆಸೆಯಿತ್ತು. ಹದಿನಾರು ನಡೆಯುತ್ತಿತ್ತು. ತಾಯಿ ತೀರಿಕೊಂಡಿದ್ದರು. ಅಪ್ಪನದು ಬಾಡಿಗೆ ಸೈಕಲ್ ಅಂಗಡಿ, ಮನೆಯಲ್ಲಿ ಸೋದರತ್ತೆ ಇದ್ದರು. ಹುಡುಗಿಯರಿಗೆ ಹದಿನೆಂಟು ತುಂಬುವ ತನಕ ಮದುವೆ ಮಾಡಬಾರದು ಎಂದು ಕಾನೂನು ಬದಲಾಗಿದೆ ಅಂತ ಅವಳು ರೇಡಿಯೋದಲ್ಲಿ ಕೇಳಿದ್ದಳು. ಸೀಮೆಎಣ್ಣೆ ತರಲು ಕಳಿಸಿದಾಗ ದಾರಿ ಬದಲಿಸಿ ನಮ್ಮಲ್ಲಿಗೆ ಬಂದಿದ್ದಳು.

"ಅಪ್ಪಂಗೆ ಹೇಳ್ಳಿಲ್ವಾ, ಬೇಡ ಅಂತ?"

"ಹೇಳ್ದೆ. ಅಳ್ತಾರೆ. ಅವ್ರು ಅತ್ರೆ ನಂಗೆ ಮುಂದೆ ಮಾತೇ ಬರಲ್ಲ ಅಕ್ಕಾ."

ಹೊಡೆದರೆ, ಬೈದರೆ ಬೇರೆ ಮಾತು. ಅಳುವ ಅಪ್ಪನ ಮೇಲೆ ದೂರು ಕೊಡಲು ಬಂದವರನ್ನು ನಾನು ಅದೇ ಮೊದಲು ನೋಡಿದ್ದು. ತಾನು ಬಂದದ್ದು ಮನೆಯಲ್ಲಿ ಗೊತ್ತಾಗಬಾರದು ಎಂದು ಕೈ ಹಿಡಿದು ಕೇಳಿಕೊಂಡು, ಡಬ್ಬ ಎತ್ತಿಕೊಂಡು ಹೋದಳು.

ಸಾಹೇಬರು ಎಲ್ಲ ಕೇಳಿಸಿಕೊಂಡು ಕಡಲೆ ಅಗಿಯುವುದನ್ನು ನಿಲ್ಲಿಸಿದರು. "ನಾವು ಹೋಗಿ ಮದುವೆ ನಿಲ್ಸೋಕಾಗಲ್ಲಮ್ಮ. ಮ್ಯಾಜಿಸ್ಟ್ರೇಟ್ ಹತ್ರ ತಡೆಯಾಜ್ಞೆ ತರ್ಬೇಕು. ಅದಕ್ಕೆ ವಯಸ್ಸಿನ ಸಾಕ್ಷಿ ಬೇಕು. ಹುಡುಗಿ ಮಾತು ನಿಜ ಅಂತ ನಿನಗೆ ಗೊತ್ತು, ನನಗೂ ಗೊತ್ತು. ಕೋರ್ಟಿಗೆ ಗೊತ್ತಾಗೋದು ಹೇಗೆ?"

ಮೊದಲು ಸೈಕಲ್ ಅಂಗಡಿಗೆ ಹೋದೆವು. ಹುಡುಗಿಯ ಅಪ್ಪ ಸಣ್ಣಗಿನ ಮನುಷ್ಯ, ಬಕೆಟ್ ನೀರಿನಲ್ಲಿ ಟ್ಯೂಬ್ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಯಾರೋ ಮಾಹಿತಿ ಕೊಟ್ಟಿದ್ದಾರೆ, ವಿಚಾರಿಸಲು ಬಂದಿದ್ದೇವೆ ಎಂದಷ್ಟೇ ಸಾಹೇಬರು ಹೇಳಿದರು.

"ಹದಿನೆಂಟು ತುಂಬಿದೆ ಸಾರ್," ಎಂದರು ಅಪ್ಪ, ಟ್ಯೂಬನ್ನೇ ನೋಡುತ್ತ.

"ಸ್ಕೂಲಿನ ಸರ್ಟಿಫಿಕೇಟ್ ತೋರ್ಸಿ ಮತ್ತೆ. ನಾವು ಹೊರಟುಬಿಡ್ತೀವಿ."

"ಮದುವೆ ಗಲಾಟೇಲಿ ಎಲ್ಲಿಟ್ಟಿದೀನೋ ಸಿಗ್ತಿಲ್ಲ ಸಾರ್."

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅತ್ತೆ ಕಾಫಿ ತಂದರು. ಪೊಲೀಸರಾದರೂ ಮದುವೆ ಮನೆಗೆ ಬಂದವರು, ಬರಿಬಾಯಲ್ಲಿ ಹೋಗಬಾರದು ಎಂದರು. ಸಾಹೇಬರು ಕುಡಿದರು, ನಾನೂ ಕುಡಿದೆ. ಹುಡುಗಿ ಕಿಟಕಿಯಿಂದ ನೋಡುತ್ತಿದ್ದಳು. ಅಂಗಡಿಯಲ್ಲಿ ರಿಪೇರಿಯಾದ ಸೈಕಲ್ಲುಗಳನ್ನೆಲ್ಲ ಮೊದಲು ಓಡಿಸಿ ನೋಡುವವಳು ಅವಳೇ ಎಂದು ಅತ್ತೆ ಹೆಮ್ಮೆಯಿಂದಲೇ ಹೇಳಿದರು. "ನಾಡಿದ್ದಿನಿಂದ ಇವನು ಸೈಕಲ್ ಮೇಲೆ ಯಾರ್ನ ಕೂರಿಸ್ತಾನೋ" ಎಂದು ಅಪ್ಪನ ಕಡೆ ನೋಡಿ ಸೇರಿಸಿದರು. ಅಪ್ಪ ಮುಖ ತಿರುಗಿಸಿದರು.

ಆ ಮಧ್ಯಾಹ್ನ ನಾವು ಅಲೆದದ್ದು ಅಷ್ಟಿಷ್ಟಲ್ಲ. ಸ್ಕೂಲಿಗೆ ಹೋದರೆ ಗೇಟಿಗೆ ಬೀಗ. ಕಾವಲಿನವನನ್ನು ಪಕ್ಕದ ಬೀದಿಯಿಂದ ಕರೆಸಿದೆವು. ಗೇಟಿನ ಬೀಗದಕೈ ಅವನ ಹತ್ತಿರ ಇತ್ತು, ಬೀರುವಿನದು ಇರಲಿಲ್ಲ. ಅದು ಹೆಡ್‌ಮಿಸ್ ಹತ್ತಿರ, ಅವರು ರಜೆಗೆ ತಂಗಿಯ ಮನೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಬೀರುವಿನ ಮುಂದೆ ನಾವು ಮೂವರೂ ಸ್ವಲ್ಪ ಹೊತ್ತು ನಿಂತೆವು. ಕಾವಲಿನವನು "ಒಡೆದುಬಿಡ್ಲಾ ಸಾರ್?" ಎಂದ. "ಒಡೆದ ಮೇಲೆ ಕಳ್ಳತನದ ಕೇಸನ್ನೂ ನಾನೇ ಬರ್ಕೋಬೇಕಪ್ಪ," ಎಂದು ಸಾಹೇಬರು ಹೊರಗೆ ಬಂದರು.

ಜನನ ನೋಂದಣಿ ನೋಡೋಣವೆಂದರೆ ಹುಡುಗಿ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ಮಾಗಡಿ ಹತ್ತಿರದ ತಾಯಿಯ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆ. ಹಳ್ಳಿಯವರು ಅದನ್ನು ಬರೆಸಿದ್ದರೋ ಇಲ್ಲವೋ, ಬರೆಸಿದ್ದರೂ ಎಲ್ಲಿ ಹುಡುಕುವುದು. ಕೊನೆಗೆ ಆಸ್ಪತ್ರೆಗೆ ಹೋದೆವು. ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಹೇಳುತ್ತಾರೆಂದು ನಾನು ತರಬೇತಿಯಲ್ಲಿ ಕಲಿತಿದ್ದೆ, ಅದನ್ನು ಹೇಳುವ ಅವಕಾಶ ಸಿಕ್ಕಿತೆಂದು ಹುರುಪಿನಲ್ಲಿದ್ದೆ. ಡಾಕ್ಟರು ನಕ್ಕುಬಿಟ್ಟರು.

"ತೆಗೀತೀನಮ್ಮ. ಆದ್ರೆ ಹದಿನಾರೂ ಇರ್ಬಹುದು, ಹದಿನೆಂಟೂ ಇರ್ಬಹುದು ಅಂತ ಬರೀಬೇಕಾಗುತ್ತೆ. ನಿಮಗೆ ಅದ್ರಿಂದ ಏನು ಉಪಯೋಗ?"

ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಾಹೇಬರು ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದರು. ಇಳಿಯುವಾಗ ಅಂದರು, "ಕೊಲೆ ಮಾಡ್ದೋನು ಚಾಕು ಬಚ್ಚಿಟ್ರೆ ಬಾವಿ ಬತ್ತಿಸಿ ಹುಡುಕ್ಬಹುದು. ಒಂದು ಮಗೂನ ವಯಸ್ಸು ಬಚ್ಚಿಟ್ರೆ ಎಲ್ಲಿ ಹುಡುಕೋದಮ್ಮ?"

ಮಾರನೇ ದಿನ, ಗುರುವಾರ, ಚಪ್ಪರ. ಸಂಜೆಗೆ ಎರಡೂ ಕಡೆಯವರು ಬಸವನಗುಡಿಯ ಒಂದು ಛತ್ರಕ್ಕೆ ಬಂದು ಸೇರುವುದೆಂದಿತ್ತು, ಶುಕ್ರವಾರ ಬೆಳಗ್ಗೆ ಮುಹೂರ್ತ. ಸಿವಿಲ್ ಕೋರ್ಟುಗಳಿಗೆ ರಜೆ, ನಮ್ಮ ಪುಣ್ಯಕ್ಕೆ ಮ್ಯಾಜಿಸ್ಟ್ರೇಟರ ಕೋರ್ಟು ನಡೆಯುತ್ತಿತ್ತು. ಬೆಳಗ್ಗೆಯೇ ಹೋಗಿ ಅರ್ಜಿ ಹಾಕಿದೆವು. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅರ್ಜಿಯನ್ನು ಪೂರ್ತಿ ಓದಿದರು.

"ಇನ್ಸ್‌ಪೆಕ್ಟರೇ, ವಯಸ್ಸಿಗೆ ಆಧಾರ ಏನು?"

ಸಾಹೇಬರು ಬೀಗದ ಕತೆ, ಹಳ್ಳಿಯ ಕತೆ, ಡಾಕ್ಟರ ಕತೆ ಎಲ್ಲ ಹೇಳಿದರು.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ನಾಳೆ ಆ ಹುಡುಗಿಗೆ ಹದಿನೆಂಟು ತುಂಬಿತ್ತು ಅಂತ ಆದ್ರೆ? ಮಂಟಪದಲ್ಲಿ ನಿಂತುಹೋದ ಮದುವೆ ಮತ್ತೆ ಆಗೋದು ಸುಲಭ ಅಲ್ಲ. ತಂದೆಗೆ ನೋಟಿಸ್ ಕೊಡಿ. ಊಟದ ವಿರಾಮ ಆದ ಮೇಲೆ ತಂದೆ ಮಗಳು ಇಬ್ಬರೂ ಬರ್ಲಿ. ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ತನ್ನಿ. ಸಿಗದಿದ್ರೆ ನಾನು ಏನೂ ಮಾಡೋ ಹಾಗಿಲ್ಲ."

ನೋಟಿಸನ್ನು ನಮ್ಮ ಠಾಣೆಯ ದಫೇದಾರರ ಕೈಲಿ ಕಳಿಸಿ, ನಾವಿಬ್ಬರೂ ಕೋರ್ಟಿನ ಹೊರಗೆ ಮರದ ಕೆಳಗೆ ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಸಾಹೇಬರು ನನ್ನ ಕೈಗೂ ಒಂದಿಷ್ಟು ಕಡಲೆ ಹಾಕಿದರು. ಅದನ್ನು ಹಿಡಿದುಕೊಂಡೇ ನನಗೆ ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನೆನಪಾಯಿತು. ಚಾಪೆಯ ಮೇಲೆ ಕೂತು ಬೆವರು ಕೂಡ ಒರೆಸಿಕೊಳ್ಳದೆ ಅವರು ಕೇಳಿದ ಮೊದಲ ಮಾತು, ಹುಡುಗಿಗೆ ಎಷ್ಟು ವಯಸ್ಸು.

"ಸಾರ್, ಹೆಣ್ಣು ನೋಡೋಕೆ ಬಂದಾಗ ಗಂಡಿನ ಕಡೆಯವ್ರು ಕೇಳೇ ಇರ್ತಾರಲ್ವಾ? ಆಗ ಅಪ್ಪ ಏನಂದಿದ್ರು?"

ಸಾಹೇಬರು ನನ್ನ ಮುಖ ನೋಡಿದರು. "ಅಂದಿದ್ರೂ ಗಂಡಿನ ಕಡೆಯವ್ರು ಬಂದು ನಮಗೆ ಹೇಳ್ತಾರೇನಮ್ಮ? ಅವ್ರ ಮದುವೇನ ಅವ್ರೇ ಕೆಡಿಸ್ಕೋತಾರಾ?" ಎನ್ನುತ್ತಲೇ ಆಟೋ ಕೂಗಿದರು.

ಹುಡುಗಿ ಠಾಣೆಯಲ್ಲಿ ಹೇಳಿದ್ದ ಹಾಗೆ, ಗಂಡು ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದ. ಚಪ್ಪರದ ದಿನವೂ ಅರ್ಧ ದಿನ ಕೆಲಸಕ್ಕೆ ಬಂದಿದ್ದ, ಯಾರದೋ ಗೃಹಪ್ರವೇಶದ ಆಹ್ವಾನ ಪತ್ರಿಕೆ ಅರ್ಜೆಂಟಾಗಿ ಮುಗಿಸಬೇಕಿತ್ತಂತೆ. ಉದ್ದನೆಯ ಮೈಕಟ್ಟು, ಇಪ್ಪತ್ತೈದು ದಾಟಿದ ಪ್ರಾಯ. ಎರಡೂ ಕೈ ಮಸಿ. ಖಾಕಿ ನೋಡಿ ಗಾಬರಿಯಾದ. ಸಾಹೇಬರು ಅವನನ್ನು ಕಾಗದದ ರೀಮುಗಳ ಹಿಂದಕ್ಕೆ ಕರೆದುಕೊಂಡು ಹೋಗಿ ಮೆತ್ತಗೆ ಕೇಳಿದರು.

"ಹುಡುಗಿಗೆ ಎಷ್ಟು ವಯಸ್ಸು ಅಂದಿದ್ರಪ್ಪ ನಿಮಗೆ?"

ಅವನು ತಡಮಾಡಲಿಲ್ಲ. "ನಮ್ಮಮ್ಮ ಕೇಳಿದ್ರು ಸಾರ್. ಹದಿನಾರು ನಡೀತಿದೆ, ನಿಮ್ಮ ಕೈಕೆಳಗೆ ಅಡುಗೆ ಕಲಿಸ್ಕೊಳ್ಳಿ ಅಂತ ಅವ್ರಪ್ಪ ಅಂದ್ರು. ಯಾಕೆ ಸಾರ್?"

"ಹದಿನೆಂಟು ಆಗ್ದೆ ಇರೋ ಹುಡುಗೀನ ಮದುವೆ ಆಗೋದು ತಪ್ಪು ಅಂತ ಗೊತ್ತಾ?"

"ಎಲ್ಲರೂ ಮಾಡ್ತಾರಲ್ಲ ಸಾರ್," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಹುಡುಗಿ ಒಪ್ಪಿದಾಳೆ ಅಂದಿದ್ರು. ನಾನೂ ಕೇಳ್ದೆ ಮೇಡಮ್, ಅವತ್ತು. ತಲೆ ಬಗ್ಗಿಸ್ಕೊಂಡಿದ್ಲು. ನಾಚ್ಕೆ ಅಂದ್ಕೊಂಡೆ."

ಅವಳ ಮನೆಯವರಿಗೆ ತಿಳಿಸಬಾರದು ಎಂದು ಮಾತು ತೆಗೆದುಕೊಂಡು ನಾನು ನಿಜ ಹೇಳಿದೆ. ಅವಳೇ ಠಾಣೆಗೆ ಬಂದಿದ್ದಳು, ಅವಳಿಗೆ ಓದುವ ಆಸೆ, ನಿಮ್ಮ ಮೇಲೆ ಅವಳು ಒಂದು ಮಾತೂ ಕೆಟ್ಟದ್ದು ಹೇಳಲಿಲ್ಲ ಎಂದೆ. ಅವನು ಗೋಡೆಗೆ ಒರಗಿ ನಿಂತ. ಒಳಗೆ ಮೆಷಿನ್ನು ಧಡಧಡ ಓಡುತ್ತಿತ್ತು. ಅವನ ಮುಖ ಕೆಂಪಾಗಿದ್ದು ಸಿಟ್ಟಿಗೋ ಅವಮಾನಕ್ಕೋ ನನಗೆ ತಿಳಿಯಲಿಲ್ಲ.

ಸಾಹೇಬರು ಅವನಿಗೆ ಏನನ್ನೂ ಮುಚ್ಚಿಡಲಿಲ್ಲ. "ನೀನು ಕೋರ್ಟಲ್ಲಿ ಬಂದು ಹೇಳಿದ್ರೆ ನಿನ್ನ ಮದುವೆ ನೀನೇ ನಿಲ್ಸಿದ ಹಾಗಾಗುತ್ತೆ. ನೆಂಟರು ಆಡ್ಕೋತಾರೆ. ನಿಮ್ಮಮ್ಮ ಬೈತಾರೆ. ನಾನು ಬಲವಂತ ಮಾಡಲ್ಲ."

"ಇಷ್ಟ ಇಲ್ಲದೋಳ ಕೈ ಹಿಡ್ಕೊಂಡು ಹೇಗೆ ಸಾರ್ ಬಾಳೋದು," ಎಂದ ಅವನು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಕೈ ಉಜ್ಜಿದ, ಸೋಪು ಹಾಕಿ ತೊಳೆದ, ಮತ್ತೆ ಉಜ್ಜಿದ. ಉಗುರ ಸಂದಿಯ ಮಸಿ ಹೋಗಲೇ ಇಲ್ಲ. ಮಾಲೀಕರ ಹತ್ತಿರ ಹೋಗಿ "ಕೋರ್ಟಿಗೆ ಹೋಗ್ಬರ್ತೀನಿ" ಎಂದಾಗ ಅವರು, "ಮದುವೆ ರಿಜಿಸ್ಟರ್ ಮಾಡಿಸ್ತಿದೀಯೇನೋ?" ಎಂದು ಖುಷಿಯಿಂದ ಕೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ಹೊರಟ.

ಕೋರ್ಟಿನಲ್ಲಿ ಅಪ್ಪ ಮಗಳು ಆಗಲೇ ಬಂದಿದ್ದರು. ಬೆಳಗ್ಗೆ ಅರಿಶಿನ ಶಾಸ್ತ್ರ ಆಗಿತ್ತು. ಹುಡುಗಿಯ ಕೆನ್ನೆಯ ಮೇಲೆ, ಅಪ್ಪನ ಬಿಳಿ ಶರ್ಟಿನ ತೋಳಿನ ಮೇಲೆ ಅರಿಶಿನ. ಅಪ್ಪ ಕಟಕಟೆಯಲ್ಲಿ ನಿಂತು ಹದಿನೆಂಟು ತುಂಬಿದೆ ಎಂದರು. ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಹತ್ತಿರ ಕರೆದರು.

"ನೀನು ಹೇಳಮ್ಮ. ಹೆದರ್ಕೋಬೇಡ."

"ಹದಿನಾರು ಸ್ವಾಮಿ. ನಂಗೆ ಈಗ ಮದುವೆ ಬೇಡ. ನಾನೇ ಪೊಲೀಸಿನೋರ ಹತ್ರ ಹೋಗಿದ್ದು."

ತಾನೇ ಹೋಗಿದ್ದೆಂದು ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಮಗಳ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವನ್ನು ಹುಡುಕುವವರು ನೋಡುತ್ತಾರಲ್ಲ, ಹಾಗೆ ನೋಡಿದರು.

"ತಂದೆ ಒಂದು ಹೇಳ್ತಾರೆ, ಮಗಳು ಒಂದು ಹೇಳ್ತಾಳೆ," ಎಂದರು ಮ್ಯಾಜಿಸ್ಟ್ರೇಟರು. "ಇನ್ಸ್‌ಪೆಕ್ಟರೇ, ನಿಮ್ಮ ಹತ್ರ ಬೇರೆ ಏನಾದ್ರೂ ಇದೆಯಾ?"

ಸಾಹೇಬರು ಬಾಗಿಲ ಕಡೆ ಕೈ ಮಾಡಿದರು. ಗಂಡು ಒಳಗೆ ಬಂದ. ಅವನನ್ನು ಕಂಡು ಅಪ್ಪ ಕಟಕಟೆಯ ಕಂಬಿ ಹಿಡಿದುಕೊಂಡರು. ಅವನು ಪ್ರಮಾಣ ಮಾಡಿ, ತನ್ನ ತಾಯಿ ಕೇಳಿದ್ದನ್ನೂ ಹುಡುಗಿಯ ಅಪ್ಪ ಹೇಳಿದ್ದನ್ನೂ ಹಾಗೆಯೇ ಹೇಳಿದ. ಮುಗಿಸಿ, ಅಪ್ಪನ ಕಡೆ ತಿರುಗಿ ಕೈ ಮುಗಿದ. "ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೆ ಕೋಪಕ್ಕೆ ಹೇಳಿದ್ದಲ್ಲ" ಎಂದ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ಈಗ ಹೇಳಿ. ನಿಮ್ಮ ಮಗಳಿಗೆ ಎಷ್ಟು ವಯಸ್ಸು?"

ಅಪ್ಪ ತೋಳಿನ ಮೇಲಿನ ಅರಿಶಿನವನ್ನು ಒಂದು ಸಲ ಒರೆಸಿಕೊಂಡರು. ಆಮೇಲೆ ಅಂದರು. "ಹದಿನಾರೇ ಸ್ವಾಮಿ. ನನ್ನ ಎದೆ ಸರಿ ಇಲ್ಲ. ಎರಡು ಸಲ ಅಂಗಡೀಲೇ ಬಿದ್ದಿದೀನಿ. ಮನೇಲಿ ಯಾರಿಗೂ ಹೇಳಿಲ್ಲ. ಇವಳಮ್ಮ ಹೋದ ಹಾಗೆ ನಾನೂ ಹೋಗ್ಬಿಟ್ರೆ ಇವಳ್ನ ಯಾರು ನೋಡ್ತಾರೆ? ಹುಡುಗ ಒಳ್ಳೇವ್ನು. ನೋಡಿ, ಈಗಲೂ ಎಷ್ಟು ಒಳ್ಳೇವ್ನು!" ಎಂದು ಅಳತೊಡಗಿದರು.

ಹುಡುಗಿ ಯಾರ ಅಪ್ಪಣೆಗೂ ಕಾಯದೆ ಕಟಕಟೆಯ ಹತ್ತಿರ ಓಡಿದಳು. "ಎದೆ ನೋವಾ? ನಂಗ್ಯಾಕೆ ಹೇಳ್ಳಿಲ್ಲ ಅಪ್ಪಾ? ಯಾಕೆ ಹೇಳ್ಳಿಲ್ಲ?" ಎಂದು ಗದರಿದಳು. ಮ್ಯಾಜಿಸ್ಟ್ರೇಟರು ಅವಳನ್ನು ತಡೆಯಲಿಲ್ಲ. ತಲೆ ತಗ್ಗಿಸಿ ಬರೆಯಲು ಶುರು ಮಾಡಿದರು.

ಆದೇಶ ಬರೆದದ್ದೇನೋ ಆಯಿತು, ಅದು ಕೈಗೆ ಸಿಗಬೇಕಲ್ಲ. ಟೈಪಿಸ್ಟು ಅಂದು ರಜೆ. ಗುಮಾಸ್ತರೊಬ್ಬರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟಿದರು. ಮೊಹರು ಇದ್ದ ಮೇಜಿನವರು ಕಾಫಿಗೆ ಹೋಗಿದ್ದರು, ನಾನು ಹೋಟೆಲಿನಿಂದ ಅವರನ್ನು ಕರೆದುಕೊಂಡು ಬಂದೆ. ಅಪ್ಪ ಒಪ್ಪಿಯೇ ಬಿಟ್ಟಿದ್ದರಲ್ಲ, ಇನ್ನೇನು ಅವಸರ ಎಂದು ಗುಮಾಸ್ತರಿಗೆ ಬೇಸರ. ಸಾಹೇಬರು ಅವರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು, "ಛತ್ರದಲ್ಲಿ ನೂರು ಜನ ನೆಂಟರು ಸೇರಿರ್ತಾರೆ ಸ್ವಾಮಿ. ಅವ್ರು ಅಪ್ಪನ ಮನಸ್ಸು ತಿರುಗಿಸಿಬಿಟ್ರೆ? ಕಾಗದ ನನ್ನ ಕೈಲಿರ್ಲಿ" ಎಂದರು.

ಅವರು ಅಂದದ್ದು ನಿಜವಾಯಿತು. ನಾವು ಬಸವನಗುಡಿಯ ಛತ್ರಕ್ಕೆ ಹೋಗುವ ಹೊತ್ತಿಗೆ ಸಂಜೆ ದೀಪ ಹಾಕಿದ್ದರು. ಬಾಗಿಲಿಗೆ ಬಾಳೆಕಂಬ, ಒಳಗೆ ವಾಲಗ, ಹಿತ್ತಲಲ್ಲಿ ಬೂಂದಿ ಕರಿಯುತ್ತಿದ್ದ ಎಣ್ಣೆಯ ವಾಸನೆ. ಗಂಡಿನ ತಾಯಿ ಒಂದು ಕಡೆ ಮುಖ ಮುಚ್ಚಿಕೊಂಡು ಕೂತಿದ್ದರು. ನೆಂಟರು ಅಪ್ಪನನ್ನು ಸುತ್ತುವರಿದಿದ್ದರು. ಊರಿಗೆಲ್ಲ ಪತ್ರಿಕೆ ಹಂಚಿ ಆಗಿದೆ, ಕೋರ್ಟಿನವರು ನೋಡಲು ಬರುತ್ತಾರಾ, ಬೆಳಗಿನ ಜಾವವೇ ತಾಳಿ ಕಟ್ಟಿಸಿಬಿಡೋಣ ಎಂದು ಒಬ್ಬರು ಕೂಗಾಡುತ್ತಿದ್ದರು. ಸಾಹೇಬರು ವಾಲಗದವರಿಗೆ ಸನ್ನೆ ಮಾಡಿ ನಿಲ್ಲಿಸಿದರು. ಆದೇಶವನ್ನು ತಮ್ಮ ಸಣ್ಣ ದನಿಯಲ್ಲೇ ಓದಿದರು. ಕೇಳಿಸಿಕೊಳ್ಳಬೇಕೆಂದು ಎಲ್ಲರೂ ತಾವಾಗಿಯೇ ಸುಮ್ಮನಾದರು. ಮೀರಿದವರಿಗೆ ಜೈಲು ಎಂಬ ಮಾತು ಬಂದಾಗ ಕೂಗಾಡುತ್ತಿದ್ದವರು ಹಿಂದೆ ಸರಿದು ಕಂಬದ ಮರೆಗೆ ಹೋದರು.

ಆಗ ಅತ್ತೆ ಬಂದರು. ನಮಗೆ ಕಾಫಿ ಕೊಟ್ಟ ಅದೇ ಅತ್ತೆ. ಸೆರಗು ಸಿಕ್ಕಿಸಿ ಸೊಂಟಕ್ಕೆ ಕೈ ಇಟ್ಟು ಕೇಳಿದರು, "ಮದುವೆ ನಿಲ್ಲಿಸಿದ್ರಿ ಸರಿ. ಒಳಗೆ ಇಷ್ಟು ಅಡುಗೆ ಆಗಿದೆಯಲ್ಲ, ಅದಕ್ಕೇನು ಮಾಡ್ಲಿ?"

ಸಾಹೇಬರು ಆದೇಶವನ್ನು ಮತ್ತೊಮ್ಮೆ ಬಿಡಿಸಿ ಮೇಲಿಂದ ಕೆಳಗೆ ನೋಡಿದರು. "ಊಟಕ್ಕೆ ತಡೆಯಾಜ್ಞೆ ಇಲ್ಲಮ್ಮ," ಎಂದರು.

ಯಾರೋ ಹಿಂದಿನಿಂದ ನಕ್ಕರು. ಇನ್ನೊಬ್ಬರು ನಕ್ಕರು. ಗಂಡಿನ ತಾಯಿ ಮಾತ್ರ ನಗಲಿಲ್ಲ, ಆದರೆ ಎಲೆ ಹಾಕಿದಾಗ ಅವರೂ ಬಂದು ಕೂತರು. ಗಂಡು ಅಪ್ಪನ ಪಕ್ಕದಲ್ಲಿ ಕೂತು, ಅವರು ತಿನ್ನುತ್ತಿದ್ದಾರೋ ಇಲ್ಲವೋ ಎಂದು ಆಗಾಗ ನೋಡುತ್ತಿದ್ದ. ನಮ್ಮನ್ನೂ ಉಣ್ಣದೆ ಹೊರಡಲು ಬಿಡಲಿಲ್ಲ. ಖಾಕಿ ಸೀರೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಾನು ಉಂಡ ಆ ಹೋಳಿಗೆಯ ರುಚಿ ಬೇರೆ ಯಾವ ಮದುವೆಯಲ್ಲೂ ಸಿಕ್ಕಿಲ್ಲ. ಬಡಿಸುತ್ತಿದ್ದವಳು ಹುಡುಗಿ. ನನ್ನೆಲೆಗೆ ತುಪ್ಪ ಸುರಿಯುವಾಗ ಬಾಯಿಬಿಟ್ಟು ಏನೂ ಹೇಳಲಿಲ್ಲ, ಸುರಿಯುವುದನ್ನು ನಿಲ್ಲಿಸಲೂ ಇಲ್ಲ.

ಆಮೇಲೆಲ್ಲ ಸುಸೂತ್ರ ಆಯಿತೆಂದಲ್ಲ. ಗಂಡಿನ ತಾಯಿ ವರ್ಷಗಟ್ಟಲೆ ಆ ಬೀದಿಗೇ ಕಾಲಿಡಲಿಲ್ಲ. ಅಪ್ಪ ಮಗಳ ಜೊತೆ ಸ್ವಲ್ಪ ಕಾಲ ಬೇಕಾದಷ್ಟೇ ಮಾತಾಡುತ್ತಿದ್ದರಂತೆ. ಸಾಹೇಬರು ಮಾತ್ರ ಅವರನ್ನು ಬಿಡಲಿಲ್ಲ, ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆ ತೋರಿಸಿದರು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಭಾರ ಎತ್ತಬೇಡಿ ಎಂದರು. ಹುಡುಗಿ ಬೆಳಗ್ಗೆ ಅಂಗಡಿ ತೆಗೆದು ಸೈಕಲ್ಲುಗಳನ್ನು ಹೊರಗೆ ಸಾಲಾಗಿ ನಿಲ್ಲಿಸಿ ಸ್ಕೂಲಿಗೆ ಹೋಗುವಳು, ಸಂಜೆ ಬಂದು ಒಳಗಿಡುವಳು. ಸ್ಕೂಲು ಮುಗಿಸಿ, ಕಾಲೇಜು ಓದಿ, ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿದಳು. ಆ ಹೊತ್ತಿಗೆ ಅಪ್ಪ ಮಗಳ ಮೌನ ಎಂದೋ ಕರಗಿತ್ತು. ಸಾಹೇಬರು ನಿವೃತ್ತರಾಗಿ ತ್ಯಾಗರಾಜನಗರದಲ್ಲಿ ಮನೆ ಮಾಡಿದ ಮೇಲೆ, ಅಪ್ಪ ಅಲ್ಲಿಗೆ ನಿಧಾನವಾಗಿ ಸೈಕಲ್ ತುಳಿದುಕೊಂಡು ಹೋಗಿ ಹರಟೆ ಹೊಡೆದು ಬರುತ್ತಿದ್ದರು.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ನಾನು ಅವರೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ಯಾರೋ "ಮೇಡಮ್, ಗುರ್ತು ಸಿಕ್ತಾ?" ಎಂದರು. ಪ್ರೆಸ್ಸಿನ ಅದೇ ಹುಡುಗ. ಸ್ವಲ್ಪ ದಪ್ಪಗಾಗಿದ್ದ. ಹೆಂಡತಿ ಜೊತೆಯಲ್ಲಿದ್ದಳು, ಕಂಕುಳಲ್ಲಿ ಕೂಸು.

"ನೋಡೇ, ನಾನು ಹೇಳ್ತಿರ್ಲಿಲ್ವಾ, ನನ್ನ ಮದುವೆ ನಿಲ್ಸಿದ ಮೇಡಮ್. ಇವ್ರೇ."

ಆ ಹೆಣ್ಣುಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಡನ ಕಡೆ ನೋಡಿ, "ನಿಲ್ಸಿದ್ದಕ್ಕೇ ಅಲ್ವಾ ಇವ್ರು ನನ್ನ ತಲೆಗೆ ಬಂದಿದ್ದು" ಎಂದು ನಕ್ಕಳು. ಆಮೇಲೆ ನನ್ನ ಬುಟ್ಟಿಗೆ ಕೈ ಹಾಕಿ, "ಇದ್ರಲ್ಲಿ ಸೊಗಡೇ ಇಲ್ಲ ಮೇಡಮ್, ಬನ್ನಿ, ಆ ಕಡೆ ಅಜ್ಜಿ ಹತ್ರ ಚೆನ್ನಾಗಿದೆ" ಎಂದು ನನ್ನ ತೋಳು ಹಿಡಿದು ಕರೆದುಕೊಂಡು ಹೊರಟಳು.